ವಾಪಸ್ ಬರದ ಯೋಯೋ

ಯೋಯೋ ಮೇಲೆದ್ದು ಬಂದು ಬೆರಳಿನ ಗೆಣ್ಣಿಗೆ ಫಟ್ಟೆಂದು ಬಡಿದಾಗ ನವ್ಯಾ ನೋಡಿಕೊಂಡದ್ದು ಬೆರಳನ್ನಲ್ಲ, ಯೋಯೋವನ್ನು. ಅದು ಹಾಗೆ ಬರಬಾರದಿತ್ತು. ಕೆಳಗೆ ಎಸೆದರೆ ದಾರದ ತುದಿಯಲ್ಲಿ ನಿಂತು, ಬೇರಿಂಗಿನ ಮೇಲೆ ಹಾಯಾಗಿ ತಿರುಗುತ್ತ ಇರಬೇಕಾದದ್ದು ಅದು. ಅವಳು ದಾರವನ್ನು ಮಡಚಿ ಅದರ ನಡುವಿನ ಸಂದಿಗೆ ಕೊಟ್ಟು ಕರೆದರೆ ಮಾತ್ರ ಕೈಗೆ ಬರಬೇಕಾದದ್ದು. ಈಗ ಅವಳು ಮಣಿಕಟ್ಟು ಅಲುಗಿಸುವ ಮೊದಲೇ, ಬಾಗಿಲು ತೆಗೆದ ಕೂಡಲೇ ಒಳಗೆ ನುಗ್ಗುವ ಬೆಕ್ಕಿನ ಹಾಗೆ ಮೇಲಕ್ಕೆ ಹಾರಿತ್ತು. ಇನ್ನೊಮ್ಮೆ ಎಸೆದಳು. ಇನ್ನೊಮ್ಮೆ ಬಡಿಸಿಕೊಂಡಳು.

ಹಾಸನದ ಆ ಸಭಾಂಗಣದ ವೇದಿಕೆಯ ಹಿಂದೆ, ಮುರಿದ ಕುರ್ಚಿಗಳನ್ನು ಒಟ್ಟಿದ್ದ ಮೂಲೆಯಲ್ಲಿ ಅವಳು ನಿಂತಿದ್ದಳು. ಬೆಂಗಳೂರಿನ ಯೋಯೋ ಆಟಗಾರರ ಕೂಟವೊಂದು ಜಿಲ್ಲೆಯಿಂದ ಜಿಲ್ಲೆಗೆ ಹೋಗಿ, ಪ್ರತಿ ಕಡೆಯಿಂದ ಒಬ್ಬರನ್ನು ತನ್ನ ದೊಡ್ಡ ಸ್ಪರ್ಧೆಗೆ ಆರಿಸುತ್ತಿತ್ತು. ಹಾಸನದಿಂದಲೂ ಒಬ್ಬರೇ. ಅರಕಲಗೂಡು, ಹೊಳೆನರಸೀಪುರದ ಕಡೆಯಿಂದ ಬಂದಿದ್ದ ಮಕ್ಕಳು ಜಾತ್ರೆಯಲ್ಲಿ ಸಿಗುವ ಪ್ಲಾಸ್ಟಿಕ್ ಯೋಯೋ ಹಿಡಿದು ಓಡಾಡುತ್ತಿದ್ದವು. ನಿಜವಾಗಿ ಆಡಬಲ್ಲವರು ಬೆರಳೆಣಿಕೆಯಷ್ಟು ಜನ, ಅವರಲ್ಲಿ ತಾನೇ ಮುಂದು ಎಂಬುದು ನವ್ಯಾಳಿಗೆ ಗೊತ್ತಿತ್ತು. ಇದರಲ್ಲಿ ಜಂಬವೇನೂ ಇಲ್ಲ. ಕಾಲೇಜಿನ ಮೊದಲ ವರ್ಷದಿಂದ, ದೊಡ್ಡಪ್ಪನ ಅಂಗಡಿಯಲ್ಲಿ ಬಿಲ್ಲು ಹಾಕುವ ಕಂಪ್ಯೂಟರಿನ ಮುಂದೆ ಕೂರುವ ಈ ದಿನದವರೆಗೆ, ತಾರಸಿಯ ಮೇಲೆ ನೀರಿನ ಟ್ಯಾಂಕಿನ ಪಕ್ಕದಲ್ಲಿ ಒಬ್ಬಳೇ ಆಡಿ ಆಡಿ ಬಂದ ತಿಳಿವಳಿಕೆ ಅದು.

ಅವಳು ಯೋಯೋವಿನ ಎರಡು ಭಾಗಗಳನ್ನು ತಿರುಪಿ ಬಿಚ್ಚಿದಳು. ಒಳಗೆ ಕಂಡದ್ದು ಅವಳ ಕೈಕೆಲಸವಲ್ಲ.

ಲೋಹದ ಆ ಯೋಯೋವಿನ ಪ್ರತಿ ಭಾಗದಲ್ಲೂ ಬೇರಿಂಗಿನ ಸುತ್ತ ಉಂಗುರದ ಆಕಾರದ ಒಂದು ಸಣ್ಣ ತಗ್ಗು ಇರುತ್ತದೆ. ಅದರಲ್ಲಿ ಮೆತ್ತಗಿನ ಸಿಲಿಕಾನ್ ಕೂರಿಸಿರುತ್ತಾರೆ. ದಾರಕ್ಕೆ ಹಿಡಿತ ಸಿಗುವುದು ಅದರಿಂದಲೇ. ಆಡುತ್ತ ಆಡುತ್ತ ಅದು ಸವೆದು, ಅಂಚು ಹರಿದು ಎದ್ದುಬರುತ್ತದೆ. ಆಗ ಹಳೆಯದನ್ನು ಕಿತ್ತು ಹೊಸದು ಹಾಕಬೇಕು. ಶುಕ್ರವಾರ ಸಂಜೆ ಅವಳು ಮಾಡಿದ್ದು ಅದನ್ನೇ. ಹಳೆಯದನ್ನು ಹಲ್ಲುಕಡ್ಡಿಯಲ್ಲಿ ಎಬ್ಬಿಸಿ ತೆಗೆದು, ತಗ್ಗನ್ನು ಒರೆಸಿ, ಇದಕ್ಕೆಂದೇ ತರಿಸಿಟ್ಟಿದ್ದ ನೀರುನೀರಾದ ಸಿಲಿಕಾನನ್ನು ಸುತ್ತ ಬಿಟ್ಟು, ರದ್ದಾದ ಎಟಿಎಂ ಕಾರ್ಡಿನ ಅಂಚಿನಿಂದ ಒಂದೇ ಎಳೆತಕ್ಕೆ ಸವರಿ ತೆಗೆದಿದ್ದಳು. ಅಪ್ಪ ಪದ್ಮಕುಮಾರ್ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಅಷ್ಟು ಕೆಳಗೆ ಯಾಕೆ ಬಿಟ್ಟೆ, ಅಂಚಿನ ಮಟ್ಟಕ್ಕೆ ತುಂಬಬಾರದೇ ಎಂದು ಕೇಳಿದ್ದ. ಅಂಚಿಗಿಂತ ಕೂದಲೆಳೆಯಷ್ಟು ತಗ್ಗಿನಲ್ಲೇ ಇರಬೇಕು, ತುಂಬಿದರೆ ದಾರ ಕಚ್ಚಿಕೊಂಡು ಯೋಯೋ ಕರೆಯದೆ ವಾಪಸ್ ಬರುತ್ತದೆ, ಆಮೇಲೆ ಅದರಲ್ಲಿ ಯಾವ ಆಟವೂ ಆಗುವುದಿಲ್ಲ ಎಂದು ಅವಳು ವಿವರಿಸಿದ್ದಳು. ಅಪ್ಪ ಎರಡೂ ಭಾಗಗಳನ್ನು ಬೆಳಕಿಗೆ ಹಿಡಿದು ನೋಡಿ ತಲೆದೂಗಿದ್ದ. ಒಣಗಲೆಂದು ಅವಳು ಅವನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದಳು, ಇಡೀ ಒಂದು ದಿನ ಯಾರೂ ಮುಟ್ಟಬಾರದೆಂದು ಮನೆಮಂದಿಗೆಲ್ಲ ಹೇಳಿದ್ದಳು.

ಈಗ ಆ ತಗ್ಗು ತುಂಬಿ ಮೇಲಕ್ಕೆ ಉಬ್ಬಿತ್ತು. ಹೊಳೆಯುವ ಬಿಳಿ ಬಣ್ಣ, ಹುಣಸೆ ಕೊಳೆತಂಥ ಹುಳಿ ವಾಸನೆ. ಸೋಪಿನ ನೀರಿನಲ್ಲಿ ಅದ್ದಿದ ಬೆರಳಿನಿಂದ ಒಮ್ಮೆ ಸವರಿ ಬಿಟ್ಟ, ಒಂದು ಗಂಟೂ ಇಲ್ಲದ ನುಣುಪು. ಆ ಬೆರಳು ಯಾರದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಚನ್ನರಾಯಪಟ್ಟಣದ ಅರ್ಧಕ್ಕರ್ಧ ಮನೆಗಳಲ್ಲಿ, ಸಿಂಕು ಗೋಡೆಗೆ ಸೇರುವ ಜಾಗದಲ್ಲಿ, ಕಮೋಡಿನ ಬುಡದಲ್ಲಿ ಅದೇ ನುಣುಪು ಇದೆ. ಬಾಗೂರು ರಸ್ತೆಯಲ್ಲಿ ಸ್ಯಾನಿಟರಿ ಅಂಗಡಿ ಇಟ್ಟಿರುವ ದೊಡ್ಡಪ್ಪ ಇಂದ್ರಕುಮಾರ್ ಸಾಮಾನು ಮಾರಿ ಸುಮ್ಮನಾಗುವವರಲ್ಲ. ಗಿರಾಕಿಯ ಮನೆಗೆ ಹೋಗಿ, ಪ್ಲಂಬರ್ ಹಾಕಿದ ಸಿಲಿಕಾನ್ ಕಣ್ಣಿಗೆ ಸರಿಬರದಿದ್ದರೆ ಅವನನ್ನು ಪಕ್ಕಕ್ಕೆ ಸರಿಸಿ, ತೋಳು ಮಡಚಿ, ತಾವೇ ಬೆರಳಾಡಿಸಿ ಬರುವವರು. ಅವರ ಕಣ್ಣಿಗೆ ತಗ್ಗು ಎಂದರೆ ಕೆಟ್ಟ ಕೆಲಸ, ತುಂಬಿದ್ದೆಂದರೆ ಒಳ್ಳೆಯ ಕೆಲಸ. ಅಷ್ಟೇ ಲೋಕ.

ಭಾನುವಾರ ಬೆಳಿಗ್ಗೆ, ಹೊರಡುವ ಅವಸರದಲ್ಲಿ, ಯೋಯೋ ಜೋಡಿಸಿದ ಸ್ಥಿತಿಯಲ್ಲೇ ಚೀಲದಲ್ಲಿ ಸಿಕ್ಕಿತ್ತು. ಯಾರೋ ಬಿದ್ದೀತೆಂದು ಎತ್ತಿಟ್ಟಿದ್ದಾರೆ ಎಂದುಕೊಂಡಿದ್ದಳು. ಹುಳಿ ವಾಸನೆಯೂ ಮೂಗಿಗೆ ಬಂದಿತ್ತು. ಆದರೆ ಕೆಳಗೆ ಅಂಗಡಿಯ ಗೋಡೌನ್ ಇರುವ ಮನೆಯಲ್ಲಿ ಅದು ಯಾವತ್ತೂ ಇರುವ ವಾಸನೆ. ಅಪ್ಪ ಸ್ಕೂಟರಿನಲ್ಲಿ ಬಸ್‌ಸ್ಟ್ಯಾಂಡಿಗೆ ಬಿಟ್ಟು, ಬಸ್ಸು ಹೊರಡುವ ತನಕ ಕಿಟಕಿಯ ಕೆಳಗೇ ನಿಂತಿದ್ದ. ಸೀಟು ಸಿಕ್ಕಿತ್ತು, ಆದರೆ ಬಸ್ಸಿನೊಳಗೆ ಯೋಯೋ ಎಸೆದು ನೋಡುವುದಕ್ಕೆ ಆಗುತ್ತದೆಯೇ?

ತಲೆಪಿನ್ನು ತೆಗೆದು ಕೆರೆದಳು. ಮೇಲೆ ಚರ್ಮ ಕಟ್ಟಿದ್ದರೂ ಒಳಗಿನ್ನೂ ಹಸಿ. ಕೆರೆದಷ್ಟೂ ಅಂಟಂಟಾಗಿ ಬೇರಿಂಗಿನೊಳಕ್ಕೆ ಇಳಿಯಿತು. ಉಗುರಿನಲ್ಲಿ ಕಿತ್ತಳು, ಚೂಡಿದಾರದ ತುದಿಯಲ್ಲಿ ಒರೆಸಿದಳು. ಬೇರಿಂಗು ಗರಗರ ಎಂದಿತು, ಆಮೇಲೆ ಅದೂ ಇಲ್ಲ. ಮೈಸೂರಿನಿಂದ ಆಟ ನೋಡಲು ಬಂದಿದ್ದ ತ್ರಿಷಾ ಎಂಬ ಹುಡುಗಿ ಇವಳ ಪರದಾಟ ನೋಡಲಾರದೆ ತನ್ನ ಯೋಯೋವನ್ನೇ ಕೊಟ್ಟಳು. ಒಳ್ಳೆಯ ಯೋಯೋ, ಒಳ್ಳೆಯ ಹುಡುಗಿ. ಆದರೆ ಆ ಹುಡುಗಿ ಇವಳಿಗಿಂತ ಒಂದು ಗೇಣು ಎತ್ತರ. ದಾರವೂ ಅಷ್ಟೇ ಉದ್ದ. ಬೇರೆಯವರ ಚಪ್ಪಲಿ ಹಾಕಿಕೊಂಡು ಮೆಟ್ಟಿಲು ಇಳಿದ ಹಾಗಾಯಿತು. ವೇದಿಕೆಯ ಮೇಲೆ, ಹಾಡಿಗೆ ತಕ್ಕ ಹಾಗೆ ಆಡುವಾಗ, ಎರಡನೆಯ ವರಸೆಯಲ್ಲೇ ದಾರ ಗಂಟುಬಿತ್ತು. ಹಾಡು ಮುಂದೆ ಹೋಯಿತು, ಅವಳು ಗಂಟು ಬಿಚ್ಚುತ್ತ ನಿಂತಳು. ಮೈಕು ಹಿಡಿದಿದ್ದವನು, "ಪಾಪ, ಫಸ್ಟ್ ಟೈಮ್ ಇರ್ಬೇಕು, ಒಂದು ಚಪ್ಪಾಳೆ ಕೊಡಿ" ಎಂದ. ಜನ ಕೊಟ್ಟರು. ಬೈದಿದ್ದರೂ ಅವಳಿಗೆ ಅಷ್ಟು ಉರಿಯುತ್ತಿರಲಿಲ್ಲ.

ಮನೆಗೆ ಬಂದಾಗ ಸಂಜೆಯ ಊಟದ ಹೊತ್ತು. ಜೈನರ ಹತ್ತು ದಿನದ ವ್ರತ, ಭಾದ್ರಪದದ ದಶಲಕ್ಷಣ ಪರ್ವ ನಡೆಯುತ್ತಿತ್ತು. ಹೊತ್ತು ಮುಳುಗುವ ಮುಂಚೆ ಎಲ್ಲರೂ ಎಲೆಯ ಮುಂದೆ ಕೂತಿದ್ದರು. ಅವಳು ಚಪ್ಪಲಿ ಬಿಡುತ್ತಿದ್ದ ಹಾಗೆ ದೊಡ್ಡಪ್ಪನ ಮುಖ ಅರಳಿತು.

"ಎಂಗಾಯ್ತಮ್ಮಾ? ವಾಪಸ್ ಬತ್ತಾ ಇತ್ತಾ?"

ಅವಳು ದಾರಿಯುದ್ದಕ್ಕೂ ಆಡಿಕೊಂಡು ಬಂದಿದ್ದ ಮಾತೆಲ್ಲ ಬದಿಗಿಟ್ಟು, ಅದಕ್ಕೆ ಸಿಲಿಕಾನ್ ತುಂಬಿಸಿದ್ದು ನೀವಾ ಎಂದಷ್ಟೇ ಕೇಳಿದಳು.

"ಇನ್ಯಾರು? ಅರ್ಧಕ್ಕೆ ಬಿಟ್ಟಿದ್ದೆ ನೀನು. ನಿನ್ನೆ ನೋಡ್ದೆ, ಎಲ್ಡು ಕಡೆನೂ ತಗ್ಗು. ಅಂಗೆ ಬಿಡ್ಬಾರ್ದು ಕಣಮ್ಮ. ಒಳ್ಳೆ ಟ್ಯೂಬ್ ಒಡೆದು ಆಕಿದೀನಿ." ಅವರು ಎಡಗೈ ಎತ್ತಿ ಗೆಣ್ಣು ತೋರಿಸಿದರು. "ಟೆಸ್ಟ್ ಮಾಡ್ದೆ, ಇಲ್ಲಿಗೇ ಬಂದು ಬಡೀತು ನೋಡು. ಮೊದ್ಲು ಕೆಳಗೋದ್ರೆ ಮೇಲೆ ಬರ್ತಾನೇ ಇರ್ಲಿಲ್ಲ ಅದು."

ಅವಳು ಹೇಳಿದಳು. ಅದು ಬರಬಾರದೇ ಇರುವ ಯೋಯೋ ಎಂದಳು, ಬಾರದೇ ಇರಲೆಂದೇ ತಗ್ಗು ಬಿಟ್ಟದ್ದು ಎಂದಳು, ಬೇರಿಂಗಿಗೆ ಇಳಿದುಹೋಗಿದೆ ಎಂದಳು, ವೇದಿಕೆಯ ಮೇಲೆ ಏನಾಯಿತೆಂದೂ ಹೇಳಿದಳು. ದೊಡ್ಡಪ್ಪ ತುತ್ತು ಕೈಯಲ್ಲೇ ಹಿಡಿದು ಕೇಳಿದರು. ಆಮೇಲೆ ಪಕ್ಕಕ್ಕೆ ತಿರುಗಿ, ವಾಪಸ್ ಬರದೇ ಇರೋದು ಯಾವ ಸೀಮೆ ಯೋಯೋ ಎಂದು ತಮ್ಮನನ್ನು ಕೇಳಿದರು. ದೊಡ್ಡಮ್ಮ ನಕ್ಕಳು. ಬಡಿಸುತ್ತಿದ್ದ ಅಮ್ಮನೂ ನಕ್ಕಳು, ನಕ್ಕು ಸೆರಗಿನಿಂದ ಬಾಯಿ ಒರೆಸಿಕೊಂಡಳು. ಅಪ್ಪ ಕಲಸಿದ ಅನ್ನವನ್ನೇ ಮತ್ತೆ ಮತ್ತೆ ಕಲಸುತ್ತಿದ್ದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ಕಂಡಿದ್ದೇವೆ. ನಾಲ್ಕನೆಯ ಕಾಲನ್ನು ಮುರಿದು, ಸವರಿ, ನುಣುಪು ಮಾಡಿ, ಈಗ ನೋಡು ಎನ್ನುವವರು ಇಂದ್ರಕುಮಾರ್.

"ನನ್ನ ವಸ್ತು ಅದು ದೊಡ್ಡಪ್ಪ. ಮುಟ್ಬೇಡಿ ಅಂತ ಹೇಳಿದ್ದೆ. ಒಂದು ಮಾತು ಕೇಳಕ್ಕೆ ಏನಾಗಿತ್ತು ನಿಮಗೆ?"

ಮನೆಯಲ್ಲಿ ಯಾರೂ ಆ ದನಿಯಲ್ಲಿ ದೊಡ್ಡಪ್ಪನ ಜೊತೆ ಮಾತಾಡಿದ್ದಿಲ್ಲ. ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಬಲು ಮೆತ್ತಗೆ, ಬಸದಿಯಲ್ಲಿ ಪಂಡಿತರು ಹೇಳುವ ಹಾಗೆ, ಪರ್ವದ ದಿನದಲ್ಲಿ ಕೋಪ ಮಾಡಿಕೊಳ್ಳಬಾರದು, ಹತ್ತು ಧರ್ಮಗಳಲ್ಲಿ ಮೊದಲನೆಯದೇ ಕ್ಷಮೆ ಎಂದರು. ತಾವು ಮಾಡಿದ್ದು ಒಳ್ಳೆಯದಕ್ಕೇ ಅಲ್ಲವೇ ಎಂದರು. ಅಮ್ಮ ಕಣ್ಣಲ್ಲೇ ಸಾಕು ಮಾಡು ಎಂದಳು. ಕೈ ಸುಟ್ಟವನಿಗೆ ಸಮಾಧಾನ ಹೇಳುವುದು ಬಿಟ್ಟು, ಕಿರುಚಬೇಡ, ಪಕ್ಕದ ಮನೆಯವರು ಮಲಗಿದ್ದಾರೆ ಎಂದ ಹಾಗಿತ್ತು ಅದು. ನವ್ಯಾ ಆ ಸಂಜೆ ಉಣ್ಣಲಿಲ್ಲ. ಉಣ್ಣದಿದ್ದುದನ್ನು ಎಲ್ಲರೂ ಉಪವಾಸ ಎಂದುಕೊಂಡರು, ಅದೂ ಅವಳಿಗೆ ಉರಿಯಿತು.

ಮುಂದಿನ ದಿನಗಳಲ್ಲಿ ಕಥೆ ಅವಳಿಗಿಂತ ಮುಂಚೆ ಎಲ್ಲೆಡೆಗೂ ಹೋಗಿತ್ತು. ಬಸದಿಯ ಜಗಲಿಯಲ್ಲಿ, ನಮ್ಮ ಹುಡುಗಿಯ ಆಟದ ಸಾಮಾನು ಕೆಟ್ಟಿತ್ತು, ನಾನೇ ಕೂತು ರಿಪೇರಿ ಮಾಡಿಕೊಟ್ಟೆ, ಆದರೂ ಪಾಪ ಗೆಲ್ಲಲಿಲ್ಲ ಎಂದು ದೊಡ್ಡಪ್ಪ ಹೇಳುವುದನ್ನು ಅವಳೇ ಕಿವಿಯಾರೆ ಕೇಳಿದಳು. ಹೇಳುವಾಗ ಅವರ ಮುಖದಲ್ಲಿ ಕೊಂಚವೂ ಕಪಟವಿರಲಿಲ್ಲ. ಅದೇ ಕಷ್ಟ. ಕಪಟ ಇದ್ದವರ ಜೊತೆ ಜಗಳವಾಡಬಹುದು. ಒಳ್ಳೆಯದನ್ನೇ ಮಾಡುತ್ತೇನೆಂದು ಹೊರಟವರನ್ನು ಹಿಡಿದು ನಿಲ್ಲಿಸುವುದು ಹೇಗೆ? ಅವಳು ಯಾವ ಕಾಲೇಜಿಗೆ ಹೋಗಬೇಕು, ಯಾವ ವಿಷಯ ಓದಬೇಕು, ಓದು ಮುಗಿದ ಮೇಲೆ ಯಾವ ಕುರ್ಚಿಯ ಮೇಲೆ ಕೂರಬೇಕು ಎಂಬುದನ್ನೆಲ್ಲ ಅವರೇ ಒಳ್ಳೆಯದಕ್ಕೆ ತೀರ್ಮಾನ ಮಾಡಿದ್ದರು. ಅಪ್ಪನ ವಿಷಯದಲ್ಲೂ ಹಾಗೇ. ಅಪ್ಪನಿಗೆ ಕೊಬ್ಬರಿ ವ್ಯಾಪಾರ ಮಾಡುವ ಆಸೆಯಿತ್ತಂತೆ, ಹೊಳೆನರಸೀಪುರದಲ್ಲಿ ಮಳಿಗೆಯನ್ನೂ ನೋಡಿ ಬಂದಿದ್ದನಂತೆ. ಅಣ್ಣ ಒಂದು ಸಲ ಕರೆದು, ಯಾಕೆ ಸುಮ್ಮನೆ, ಇಲ್ಲೇ ಇರು ಎಂದದ್ದಕ್ಕೆ ಇಲ್ಲೇ ಇದ್ದ.

ಬಿಡುವು ಸಿಕ್ಕಾಗಲೆಲ್ಲ ನವ್ಯಾ ಹಲ್ಲುಕಡ್ಡಿ ಹಿಡಿದು ಕೂರುತ್ತಿದ್ದಳು. ಗಟ್ಟಿಯಾದ ಮೇಲೆ ಸಿಲಿಕಾನ್ ಚೂರುಚೂರಾಗಿ ಎದ್ದುಬಂತು. ಲೋಹಕ್ಕೆ ಕಚ್ಚಿಕೊಂಡ ತೆಳು ಪೊರೆ ಮಾತ್ರ ಏನು ಮಾಡಿದರೂ ಬಿಡಲಿಲ್ಲ. ಬಚ್ಚಲಿಗೆ ಹಾಕುವ ಸಿಲಿಕಾನಿನ ಹುಳಿ ಬೇರಿಂಗಿಗೆ ತಾಗಿ ಒಳಗಿನ ಗುಂಡುಗಳ ಮೇಲೆ ಕಂದು ತುಕ್ಕು ಕಾಣತೊಡಗಿತ್ತು. ಒಂದು ಮಧ್ಯಾಹ್ನ ಹಿರೀಸಾವೆಯಿಂದ ಬಂದ ಗಿರಾಕಿಯೊಬ್ಬ ಸಿಂಕಿಗೆ ಹಾಕಲು ಸಿಲಿಕಾನ್ ಕೇಳಿದ. ಟ್ಯೂಬು ಕೊಡುತ್ತ ಅವಳು, ಎಷ್ಟು ಬೇಕೋ ಅಷ್ಟೇ ಹಾಕಿ, ಕೆಲವರಿಗೆ ತುಂಬುವುದೊಂದೇ ಗೊತ್ತು ಎಂದಳು. ಆ ಮನುಷ್ಯ ಕಕ್ಕಾಬಿಕ್ಕಿಯಾಗಿ ದೊಡ್ಡಪ್ಪನ ಮುಖ ನೋಡಿದ. ದೊಡ್ಡಪ್ಪ ಕೇಳಿಸದವರ ಹಾಗೆ ನಲ್ಲಿ ಎಣಿಸುತ್ತಿದ್ದರು.

ಪರ್ವ ಮುಗಿದು ಕ್ಷಮಾವಣಿ ಬಂತು. ಗೊತ್ತಿದ್ದೋ ಗೊತ್ತಿಲ್ಲದೆಯೋ ವರ್ಷವಿಡೀ ಮಾಡಿದ ತಪ್ಪಿಗೆ ಒಬ್ಬರನ್ನೊಬ್ಬರು ಕ್ಷಮೆ ಕೇಳುವ ದಿನ. ಬೆಳಿಗ್ಗೆ ಎದ್ದಾಗಲೇ ನವ್ಯಾಳ ಫೋನಿನಲ್ಲಿ ಕಮಲದ ಹೂವಿನ ಮೇಲೆ ಕೈ ಜೋಡಿಸಿದ ಚಿತ್ರಗಳ ಸಾಲು. ಮನೆಯ ಗುಂಪಿನಲ್ಲಿ ದೊಡ್ಡಪ್ಪನದೂ ಒಂದಿತ್ತು. ಪೈಪು ಕಂಪನಿಯ ಏಜೆಂಟಿಗೆ, ಲಾರಿ ಆಫೀಸಿನವರಿಗೆ, ಊರಿನ ಅರ್ಧ ಜನಕ್ಕೆ ಹೋದ ಚಿತ್ರವೇ ಅವಳಿಗೂ ಬಂದಿತ್ತು. ಅದಕ್ಕೆ ಅಪ್ಪ, ಅಮ್ಮ, ದೊಡ್ಡಮ್ಮ ಎಲ್ಲರೂ ಕೈ ಮುಗಿದ ಗುರುತು ಹಾಕಿದ್ದರು. ಅವಳು ಫೋನನ್ನು ಬೋರಲು ಹಾಕಿ ಇಟ್ಟಳು. ಅವಳ ಯೋಯೋ ಹಾಳಾದದ್ದಕ್ಕೆ ಬಂದ ಮೊದಲ ಕ್ಷಮೆ ಈ ಹೂವಿನ ಚಿತ್ರ!

ಆ ಮನೆಯಲ್ಲಿ ತಾತನ ಕಾಲದಿಂದ ನಡೆದುಬಂದ ಒಂದು ಪದ್ಧತಿ ಇತ್ತು. ಬಸದಿಯಿಂದ ಬಂದ ಮೇಲೆ ಎಲ್ಲರೂ ನಡುಮನೆಯಲ್ಲಿ ನಿಲ್ಲುತ್ತಾರೆ. ಎಲ್ಲಕ್ಕಿಂತ ಮೊದಲು ಕೈ ಜೋಡಿಸಬೇಕಾದದ್ದು ಮನೆಯ ಯಜಮಾನ, ಅದೂ ತನಗಿಂತ ಚಿಕ್ಕವರಿಗೆ. ಯಜಮಾನ ಕೇಳಬೇಕು, ಚಿಕ್ಕವರು ಕ್ಷಮಿಸಿ "ಉತ್ತಮ ಕ್ಷಮಾ" ಎನ್ನಬೇಕು. ಆಮೇಲೆ ಚಿಕ್ಕವರು ಕೇಳಿ ಯಜಮಾನ ಅನ್ನಬೇಕು. ಅದಾದ ಮೇಲೆಯೇ ಉಪವಾಸ ಇದ್ದವರ ಪಾರಣೆ. ಅಜ್ಜಿ ಅನಂತಮ್ಮ ಈ ವರ್ಷವೂ ಹಟ ಮಾಡಿ ಕೊನೆಯ ಮೂರು ದಿನ ರತ್ನತ್ರಯದ ಉಪವಾಸ ಮಾಡಿದ್ದಳು. ಗೋಡೆಗೆ ಒರಗಿಸಿದ ದಿಂಬಿನ ಮೇಲೆ ಒಂದು ಹಿಡಿಯಷ್ಟೇ ಆಗಿ ಕೂತಿದ್ದಳು. ಅವಳ ಪಕ್ಕದ ಮಣೆಯ ಮೇಲೆ ಕಾಯಿಸಿ ಆರಿಸಿದ ನೀರು, ಹೆಸರುಕಾಳಿನ ಕಟ್ಟು ಮುಚ್ಚಿಟ್ಟಿತ್ತು.

ದೊಡ್ಡಪ್ಪ ಮೊದಲು ತಾಯಿಯ ಕಾಲು ಮುಟ್ಟಿದರು. ಹೆಂಡತಿಯ ಮುಂದೆ ನಿಂತರು, ತಮ್ಮನ ಮುಂದೆ ನಿಂತರು, ತಮ್ಮನ ಹೆಂಡತಿಯ ಮುಂದೆ ನಿಂತರು. ತಿಳಿದೋ ತಿಳಿಯದೆಯೋ ನನ್ನಿಂದ ತಪ್ಪಾಗಿದ್ದರೆ ಕ್ಷಮಿಸಿ, ತಿಳಿದೋ ತಿಳಿಯದೆಯೋ ನನ್ನಿಂದ ತಪ್ಪಾಗಿದ್ದರೆ ಕ್ಷಮಿಸಿ. ಬಸ್ಸಿನ ಕಂಡಕ್ಟರು ಟಿಕೆಟ್ ಟಿಕೆಟ್ ಎನ್ನುತ್ತ ಬಂದ ಹಾಗೆ ಬಂದರು. ಕೊನೆಗೆ ನವ್ಯಾಳ ಮುಂದೆ ಬಂದು ಅದೇ ಮಾತು ಹೇಳಿ, ಉತ್ತರ ಬರುವ ಮೊದಲೇ ಕೈ ಇಳಿಸಿದರು.

"ಯಾವ ತಪ್ಪು ದೊಡ್ಡಪ್ಪ?" ಎಂದಳು ನವ್ಯಾ.

ಅವರಿಗೆ ಅರ್ಥವಾಗಲಿಲ್ಲ. ಅವಳು ಇನ್ನೊಮ್ಮೆ ಕೇಳಿದಳು. ದನಿ ಏರಿಸಲಿಲ್ಲ.

"ಯಾವ್ದಾದ್ರೂ," ಎಂದರು ಅವರು. "ಗೊತ್ತಿದ್ದು, ಗೊತ್ತಿಲ್ದೆ..."

"ಯಾವ್ದಾದ್ರೂ ಅಂದ್ರೆ ನಂಗೆ ಬೇಡ. ನೀವು ಮಾಡಿದ್ದು ಒಂದೇ, ಅದು ನಿಮಗೆ ಗೊತ್ತು. ಅದರ ಹೆಸರು ಹೇಳಿ ಕೇಳಿ, ಈಗ್ಲೇ ಉತ್ತಮ ಕ್ಷಮಾ ಅಂತೀನಿ."

ಅಮ್ಮ ಹಿಂದಿನಿಂದ ತೋಳು ಚಿವುಟಿದಳು. ಅಜ್ಜಿ ಮೂರು ದಿನದಿಂದ ಉಪವಾಸ ಇದ್ದಾಳೆ, ನಿನ್ನಿಂದ ಪಾರಣೆ ತಡವಾಗುತ್ತಿದೆ, ಒಂದು ಮಾತು ಅಂದುಬಿಡು, ಬಾಯೇನು ಸವೆಯುತ್ತದೆಯೇ ಎಂದು ದೊಡ್ಡಮ್ಮ ಹೇಳಿದಳು. ಇದು ನವ್ಯಾಳಿಗೆ ಗೊತ್ತಿದ್ದದ್ದೇ. ಮನೆಯಲ್ಲಿ ಯಾರಿಗಾದರೂ ಅನ್ಯಾಯವಾದಾಗಲೆಲ್ಲ ಯಾರೋ ಒಬ್ಬರು ಹಸಿದಿರುತ್ತಾರೆ, ಯಾರಿಗೋ ಬಿಪಿ ಇರುತ್ತದೆ, ಯಾವುದೋ ಹಬ್ಬ ಬಂದಿರುತ್ತದೆ. ಅನ್ಯಾಯಕ್ಕೆ ಮಾತ್ರ ಮುಹೂರ್ತ ಬೇಕಿಲ್ಲ, ಅದನ್ನು ಕೇಳುವುದಕ್ಕೆ ಯಾವ ದಿನವೂ ಒಳ್ಳೆಯ ದಿನವಲ್ಲ. ಅವಳ ಕಣ್ಣು ತುಂಬಿ ಬಂತು, ಆದರೂ ತಲೆ ತಗ್ಗಿಸಲಿಲ್ಲ.

ದಿಂಬಿನ ಮೇಲಿಂದ ಅಜ್ಜಿ, "ನಂದು ಕಾಯ್ತದೆ ಬುಡಿ," ಎಂದಳು. ಗಂಟಲು ಒಣಗಿ ದನಿ ಪಿಸುಗುಟ್ಟಿದಂತಿತ್ತು. "ಆ ಕೂಸು ಕೇಳಿದ್ದು ತಪ್ಪಲ್ಲ ಕಣಪ್ಪ. ನಿಮ್ಮಪ್ಪ ಎಸ್ರು ಏಳೇ ಕೇಳೋರು. ಒಂದು ಸತಿ ನಂಗೆ ಕೈ ಮುಗುದು, ನಿನ್ನ ತವರಿಗೆ ಕಳುಸ್ಲಿಲ್ಲ, ಅದು ನಂದೇ ತಪ್ಪು ಅಂದ್ರು. ಇದೇ ನಡುಮನೇಲಿ."

ದೊಡ್ಡಪ್ಪನ ಮುಖ ಕೆಂಪಾಯಿತು. ಹೇಳಬೇಕೆಂದು ಅವರಿಗೂ ಅನ್ನಿಸಿರಬಹುದು. ಆದರೆ ತುಂಬುವುದನ್ನು ಮಾತ್ರ ಕಲಿತ ಕೈಗೆ ಕೆರೆದು ತೆಗೆಯುವುದು ಬರುವುದಿಲ್ಲ. ಆ ಆಟದ ಸಾಮಾನಿಗೆ ಇಷ್ಟೊಂದು ರಂಪವೇ, ತಾವೇನು ಕದ್ದೆವೇ, ಮುರಿದೆವೇ, ಕೆಟ್ಟದ್ದನ್ನು ಸರಿ ಮಾಡಿದ್ದಕ್ಕೆ ಮಗಳ ಸಮಾನಳಾದ ಹುಡುಗಿಯ ಮುಂದೆ ಹೀಗೆ ನಿಲ್ಲಬೇಕೇ ಎಂದರು. ಅವರ ಕಣ್ಣಲ್ಲೂ ನೀರಿತ್ತು. ನಿಜವಾಗಿಯೂ ನೊಂದಿದ್ದರು. ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಾಗಿಲ ಕಡೆ ಹೊರಟರು.

"ಪದ್ಮಾ, ಬಾ. ಅಂಗಡಿ ತೆಗೀಬೇಕು."

ಅಣ್ಣ ಕರೆದರೆ ಅಪ್ಪ ಉಣ್ಣುವ ತುತ್ತು ಬಿಟ್ಟು ಏಳುವವನು. ಎರಡನೆಯ ಸಲ ಕರೆದದ್ದನ್ನು ಆ ಮನೆಯಲ್ಲಿ ಯಾರೂ ಕೇಳಿದ್ದಿಲ್ಲ. ಅಪ್ಪ ನಿಂತಲ್ಲಿಂದ ಹೆಜ್ಜೆಯನ್ನೇನೋ ಕಿತ್ತ. ಆದರೆ ಬಾಗಿಲ ಕಡೆ ಹೋಗಲಿಲ್ಲ, ಮಗಳ ಮುಂದೆ ಬಂದು ನಿಂತು ಕೈ ಜೋಡಿಸಿದ.

"ನಾನು ಎಸ್ರು ಏಳ್ತೀನಿ," ಎಂದ.

ನವ್ಯಾ ಬೇಡ ಅಪ್ಪ ಎಂದಳು. ಅಣ್ಣನ ಪಾಲಿನದನ್ನೂ ಇವನೇ ಹೊರಲು ಬಂದಿದ್ದಾನೆ ಎಂದುಕೊಂಡಳು. ಅದು ಅವನ ಅಭ್ಯಾಸ. ಗಿರಾಕಿಯ ಬೈಗುಳವನ್ನೂ ಅಣ್ಣನ ಬದಲಿಗೆ ಅವನೇ ಕೇಳಿಸಿಕೊಳ್ಳುತ್ತಿದ್ದ.

"ನೀನು ಸುಮ್ನಿರು, ಕೇಳು. ಅವತ್ತು ಕರೆಂಟ್ ಓಗಿತ್ತು. ಅಣ್ಣ ಅದಕ್ಕೆ ಸಿಲಿಕಾನ್ ಆಕುವಾಗ ಟಾರ್ಚ್ ಇಡ್ಕೊಂಡಿದ್ದೋನು ನಾನು. ತಗ್ಗಲ್ಲೇ ಇರ್ಬೇಕು ಅಂತ ಇಂದಿನ್ ದಿನ ತಾನೆ ನೀನು ಏಳ್ಕೊಟ್ಟಿದ್ದೆ. ನಂಗೊಬ್ಬನಿಗೇ ಗೊತ್ತಿದ್ದಿದ್ದು. ಬೇಡ ಅಣ್ಣ ಅನ್ನೋದು ಬಾಯಿಗೆ ಬಂತು, ಅನ್ನಲಿಲ್ಲ. ಆಮೇಲಾದ್ರೂ ನಿಂಗೆ ಏಳ್ಬೌದಿತ್ತು. ಬಸ್‌ಸ್ಟ್ಯಾಂಡಲ್ಲಿ ಬಸ್ಸು ಬಿಡೋಗಂಟ ನಿಂತಿದ್ದೆ, ಏಳಲಿಲ್ಲ. ಏಳಿದ್ರೆ ನೀನು ಅಲ್ಲಿಂದ್ಲೇ ವಾಪಸ್ ಬಂದು ಅಣ್ಣನ್ನ ಕೇಳ್ತಿದ್ದೆ. ಅದಕ್ಕೇ ಏಳಲಿಲ್ಲ. ಇದು ತಿಳೀದೆ ಮಾಡಿದ್ದಲ್ಲ ಮಗಾ. ತಿಳ್ದೇ ಮಾಡ್ದೆ."

ಅಮ್ಮ ಚಿವುಟಿದ್ದ ತೋಳನ್ನು ಬಿಟ್ಟಿದ್ದಳು. ನವ್ಯಾ ಅಪ್ಪನ ಮುಖ ನೋಡಿದಳು. ಇಷ್ಟು ದಿನ ಕೂಡಿಟ್ಟ ಸಿಟ್ಟೆಲ್ಲ ದೊಡ್ಡಪ್ಪನ ಅಳತೆಗೆ ಹೊಲಿಸಿದ್ದು. ಈ ಮನುಷ್ಯನಿಗೆ ಅದು ಯಾವ ಕಡೆಯಿಂದಲೂ ಹೊಂದುತ್ತಿರಲಿಲ್ಲ. ಹಾಗೆಂದು ಸಿಟ್ಟು ಇಲ್ಲದೆಯೂ ಇರಲಿಲ್ಲ. ದೊಡ್ಡಪ್ಪನಿಗೆ ಗೊತ್ತಿರಲಿಲ್ಲ, ಇವನಿಗೆ ಗೊತ್ತಿತ್ತು. ಗೊತ್ತಿದ್ದೂ ಬೆಳಕು ಹಿಡಿದಿದ್ದ. ಬಸ್ಸಿನ ಕಿಟಕಿಯ ಕೆಳಗೆ ಅವನು ನಿಂತಿದ್ದುದನ್ನು ಅವಳು ಪ್ರೀತಿ ಎಂದುಕೊಂಡು, ದಾರಿಯುದ್ದಕ್ಕೂ ಅದನ್ನೇ ನೆನೆದು ಒಳಗೊಳಗೇ ಹಿಗ್ಗಿದ್ದಳು. ಅದು ನೆನಪಾಗಿ ಅವಳಿಗೆ ತಡೆಯಲಾಗದಷ್ಟು ಕೋಪ ಬಂತು, ಅಷ್ಟೇ ಸಂಕಟವೂ ಆಯಿತು. ಹೆಸರು ಹೇಳಿ ಕೇಳಿದರೆ ಈಗಲೇ ಅನ್ನುತ್ತೇನೆ ಎಂದಿದ್ದಳಲ್ಲ, ಆ ಮಾತು ಈಗ ಬಾಯಿಗೆ ಬರಲಿಲ್ಲ.

"ನಿಧಾನಕ್ಕೆ ಅನ್ನು ಮಗಾ," ಎಂದಳು ಅಜ್ಜಿ. "ಅವನು ನಿಂತ್ಕತಾನೆ."

ಹೊರಗೆ ಸ್ಕೂಟರು ಶುರುವಾದ ಸದ್ದು ಕೇಳಿಸಿತು. "ಪದ್ಮಾ" ಎಂದು ದೊಡ್ಡಪ್ಪ ಬೀದಿಯಿಂದ ಕೂಗಿದರು. ಸ್ವಲ್ಪ ಹೊತ್ತು ಬಿಟ್ಟು ಹಾರ್ನ್ ಒತ್ತಿದರು, ಮತ್ತೆ ಕೂಗಿದರು. ಎದುರು ಮನೆಯವರು ಏನಾಯಿತೆಂದು ಕೇಳುತ್ತಿದ್ದರು. ಅಪ್ಪ ಬಾಗಿಲ ಕಡೆ ತಿರುಗಲಿಲ್ಲ. ಜೋಡಿಸಿದ ಕೈ ಇಳಿಸದೆ, ಮಗಳ ಮುಂದೆ ಹಾಗೇ ನಿಂತಿದ್ದ.